ನಿಮಗಿದು ಗೊತ್ತೇ? ಆಫ್ರಿಕಾದ ಸಫಾರಿ ಡೇರೆ ನಮ್ಮ ಬೆಟ್ಟದ ಮೇಲೂ ಇದೆ

ಕಾಡಿನ ನಡುವೆ ಡೇರೆ, ಡೇರೆಯೊಳಗೆ ಮೆತ್ತನೆ ಹಾಸಿಗೆ, ಬಚ್ಚಲಲ್ಲಿ ಬಿಸಿನೀರು, ಬಾಗಿಲಾಚೆ ಕಾಡುಪ್ರಾಣಿ. ಇದನ್ನು ಕಾಣಲು ನಮ್ಮ ಕುಂತೂರಿನವರು ಕೀನ್ಯಾಕ್ಕೇ ವಿಮಾನ ಹತ್ತಬೇಕಿಲ್ಲ. ಯಳಂದೂರು ದಾಟಿ, ಗುಂಬಳ್ಳಿ ಚೆಕ್‌ಪೋಸ್ಟ್ ಹಾದು, ಬಿಳಿಗಿರಿರಂಗನ ಬೆಟ್ಟ ಹತ್ತಿ ಇನ್ನಷ್ಟು ಮುಂದೆ ಹೋದರೆ ಕ್ಯಾತೇದೇವರ ಗುಡಿ, ಎಲ್ಲರ ಬಾಯಲ್ಲಿ ಕೆ. ಗುಡಿ. ಅಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಡೇರೆ ಬಿಡಾರ ನಡೆಸುತ್ತಿದೆ. ಮೈಸೂರು ಮಹಾರಾಜರ ಹಳೆಯ ಬೇಟೆ ಬಂಗಲೆಯೂ ಅದರ ಆವರಣದಲ್ಲೇ ಇದೆ. ಊಟ ಬಡಿಸುವ ಗುಂಡನೆಯ ಮನೆಗೆ ಗೋಲ್ ಘರ್ ಎನ್ನುತ್ತಾರೆ. ಬೆಳಿಗ್ಗೆ ಒಂದು, ಸಂಜೆ ಒಂದು ಜೀಪ್ ಸಫಾರಿ. ಜೀಪು ಹತ್ತುವ ಮೊದಲೇ ಡೇರೆಯ ಸುತ್ತ ಚುಕ್ಕಿಜಿಂಕೆ, ಕಾಡುಹಂದಿ ಮೇಯುತ್ತಿರುತ್ತವೆ.

ಆಫ್ರಿಕಾಕ್ಕೂ ನಮ್ಮ ಬೆಟ್ಟಕ್ಕೂ ಇರುವ ನಂಟು ಗೊತ್ತೇ? ಕೀನ್ಯಾದ ಅಬರ್‌ಡೇರ್ ಕಾಡಿನಲ್ಲಿ 1932ರಲ್ಲಿ ಮರದ ಮೇಲೊಂದು ಪುಟ್ಟ ಹೋಟೆಲ್ ಶುರುವಾಯಿತು. ಹೆಸರು ಟ್ರೀಟಾಪ್ಸ್. 1952ರ ಫೆಬ್ರವರಿ 5ರ ರಾತ್ರಿ ರಾಜಕುಮಾರಿ ಎಲಿಜಬೆತ್ ಅಲ್ಲಿ ತಂಗಿದ್ದಾಗ ಇಂಗ್ಲೆಂಡಿನಲ್ಲಿ ಅವಳ ತಂದೆ ತೀರಿಕೊಂಡ. ಮರ ಹತ್ತಿದ ರಾಜಕುಮಾರಿ ರಾಣಿಯಾಗಿ ಇಳಿದಳು. ಆ ರಾತ್ರಿ ಅವಳ ಜೊತೆ ಅಲ್ಲಿದ್ದವರು ಕುಮಾಊಂನ ನರಭಕ್ಷಕ ಹುಲಿಗಳ ಬೇಟೆಗಾರ ಜಿಮ್ ಕಾರ್ಬೆಟ್! 1960ರ ದಶಕದಲ್ಲಿ ನೇಪಾಳದ ಚಿತ್ವನ್ ಕಾಡಿನಲ್ಲಿ ಅದೇ ಬಗೆಯ ವಸತಿ ಎದ್ದಿತು, ಟೈಗರ್ ಟಾಪ್ಸ್ ಎಂಬ ಹೆಸರಿನಲ್ಲಿ. ಆ ಟೈಗರ್ ಟಾಪ್ಸ್ ಜೊತೆ ಕೈಜೋಡಿಸಿ ಕರ್ನಾಟಕ ಸರ್ಕಾರ 1980ರಲ್ಲಿ ಜಂಗಲ್ ಲಾಡ್ಜಸ್ ಕಟ್ಟಿತು. ಮೊದಲ ಬಿಡಾರ ಕಬಿನಿ ದಂಡೆಯ ಕಾರಾಪುರದಲ್ಲಿ. ಅದನ್ನು ಬೆಳೆಸಿದ ಕರ್ನಲ್ ಜಾನ್ ವೇಕ್‌ಫೀಲ್ಡ್, ಎಲ್ಲರ ಪಾಪಾ ಜಾನ್, ಬಿಹಾರದ ಗಯಾದಲ್ಲಿ ಹುಟ್ಟಿ ಕಬಿನಿಯಲ್ಲೇ ನೆಲೆಸಿ 2010ರಲ್ಲಿ ತೀರಿಕೊಂಡರು. ಮುಂದೆ ಟೈಗರ್ ಟಾಪ್ಸ್ ಹಿಂದೆ ಸರಿಯಿತು, ಸಂಸ್ಥೆ ಪೂರ್ತಿ ಸರ್ಕಾರದ್ದಾಯಿತು. ಕೆ. ಗುಡಿ ಇದೇ ಬಳ್ಳಿಯ ಇನ್ನೊಂದು ಕುಡಿ.

ಈ ಬೆಟ್ಟದಡಿ ಕಾಡಾನೆ ಹಿಡಿಯುವ ಖೆಡ್ಡಾ ಎಷ್ಟು ಹಳೆಯದು ಗೊತ್ತೇ? ಜಿ.ಪಿ. ಸ್ಯಾಂಡರ್ಸನ್ ಎಂಬ ಅಧಿಕಾರಿ 1874ರಲ್ಲಿ ಆನೆಹಿಂಡನ್ನು ಕಂದಕ ಸುತ್ತಿದ ಆವರಣಕ್ಕೆ ಅಟ್ಟಿ ಹಿಡಿದದ್ದು ಇಲ್ಲೇ, ಚಾಮರಾಜನಗರದ ಕಡೆ. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಕೀನ್ಯಾ ಬೇಟೆಯನ್ನು ನಿಷೇಧಿಸಿದ್ದು 1977ರಲ್ಲಿ. ಅಂದರೆ ಎರಡೂ ಕಡೆ ಕೋವಿಗೆ ಕಡಿವಾಣ ಬಿದ್ದದ್ದು ಒಂದೇ ದಶಕದಲ್ಲಿ.

ಇದೇ ಬೆಟ್ಟದ ಹೊನ್ನಮೇಟಿ ಕಾಫಿ ತೋಟದ ಆರ್.ಸಿ. ಮಾರಿಸ್ ಬೇಟೆಗಾರರೂ ಹೌದು, ನಿಸರ್ಗ ಬಲ್ಲವರೂ ಹೌದು. ಸಲೀಂ ಅಲಿ 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆಂದು ಈ ಬೆಟ್ಟಸಾಲಿಗೂ ಬಂದಿದ್ದರು. ಮಾರಿಸರ ಮಗಳು ಮೋನಿಕಾ ಜಾಕ್ಸನ್ 1955ರಲ್ಲಿ ಹಿಮಾಲಯ ಏರಿದ, ಮಹಿಳೆಯರೇ ಇದ್ದ ಮೊದಲ ತಂಡದಲ್ಲಿದ್ದರು. ನಮ್ಮ ಬೆಟ್ಟದಲ್ಲಿ ನಡೆದು ಪಳಗಿದ ಕಾಲು ಅದು!

ಆಫ್ರಿಕಾದ ಕಲಹರಿ ಮರುಭೂಮಿಯಲ್ಲಿ ಹಾವಿಗೂ ಸಿಂಹಕ್ಕೂ ಅಂಜದೆ ಓಡಾಡುವ ತರಕರಡಿ ಕೊಳ್ಳೇಗಾಲದ ನೆರೆಯಲ್ಲೂ ಇದೆ. ಕಾವೇರಿ ವನ್ಯಧಾಮದಲ್ಲಿ ಇಟ್ಟ ಕ್ಯಾಮೆರಾದಲ್ಲಿ ಅದು 2014ರಲ್ಲಿ ಸೆರೆಯಾಯಿತು, ರಾಜ್ಯದಲ್ಲೇ ಮೊದಲ ಬಾರಿ.

ಹನೂರು ಕಡೆ ಗೋಪಿನಾಥಂ ಎಂದರೆ ವೀರಪ್ಪನ್ ಊರು ಎನ್ನುವವರೇ ಹೆಚ್ಚು. ಆದರೆ ಅದು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ನೆನೆಯುವ ಊರು. ಊರಿಗೆ ಮಾರಿಯಮ್ಮನ ಗುಡಿ ಕಟ್ಟಿಸಿಕೊಟ್ಟ ಅವರನ್ನು 1991ರ ನವೆಂಬರ್ 10ರಂದು ವೀರಪ್ಪನ್ ಮೋಸದಿಂದ ಕೊಂದ. ಮರಣಾನಂತರ ಕೀರ್ತಿ ಚಕ್ರ ಬಂತು. ಒಂದು ಕಾಲಕ್ಕೆ ಪೊಲೀಸರೇ ಹಿಂಡುಗಟ್ಟಿ ಹೋಗುತ್ತಿದ್ದ ಆ ಕಾಡಿನಲ್ಲಿ ಈಗ ಜಂಗಲ್ ಲಾಡ್ಜಸ್‌ನ ಡೇರೆಗಳಿವೆ. ಮಕ್ಕಳುಮರಿ ಕಟ್ಟಿಕೊಂಡು ಜನ ತಂಗುತ್ತಾರೆ. ಡೇರೆಗೆ ಹೋದವರು ಶ್ರೀನಿವಾಸ್ ಅವರನ್ನು ನೆನೆಯದೆ ಬರಬಾರದು.

ಈಗ ನನಗೆ ಮುಖ್ಯವೆನಿಸುವ ಸಂಗತಿ. ಕೀನ್ಯಾದ ಮಾಸಾಯಿ ಮಾರಾದ ಅಂಚಿನಲ್ಲಿ ಭೂಮಿ ಮಾಸಾಯಿ ದನಗಾಹಿಗಳದ್ದು. ಅಲ್ಲಿ ಬಿಡಾರ ನಡೆಸುವ ಕಂಪನಿಗಳು ಆ ಭೂಮಿಗೆ ಮಾಸಾಯಿ ಕುಟುಂಬಗಳಿಗೆ ಬಾಡಿಗೆ ಕೊಡುತ್ತವೆ. ಕೆಲವೆಡೆ 700 ಎಕರೆಗೆ ಒಂದೇ ಡೇರೆ ಎಂಬ ಕಟ್ಟುಪಾಡೂ ಇದೆ. ಪ್ರವಾಸಿ ಬಂದರೆ ಕಾಡಿನವನ ಮನೆಗೂ ನೇರವಾಗಿ ದುಡ್ಡು.

ನಮ್ಮಲ್ಲಿ? ಬಿಳಿಗಿರಿ 1974ರಲ್ಲಿ ವನ್ಯಧಾಮವಾದಾಗ ಈ ಕಾಡಿನ ಬುಡಕಟ್ಟಿನವರಾದ ಸೋಲಿಗರು ಬೇಟೆ ಬಿಟ್ಟರು, ಕಾಡು ಕಡಿದು ಬಿತ್ತುವ ಬೇಸಾಯ ಬಿಟ್ಟರು, ಅವರ ಎಷ್ಟೋ ಪೋಡುಗಳು, ಅಂದರೆ ಹಾಡಿಗಳು, ಕಾಡಿನ ಒಳಗಿನಿಂದ ಎದ್ದು ಬಂದವು. 1981ರಲ್ಲಿ ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆಸ್ಪತ್ರೆ, ಶಾಲೆ ಕೊಟ್ಟಿತು. ಕಾಡಿನ ಮೇಲಿನ ಹಕ್ಕಿಗೆ ಇನ್ನೂ 30 ವರ್ಷ ಕಾಯಬೇಕಾಯಿತು. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಕಾಡಿನೊಳಗೆ ಬುಡಕಟ್ಟಿನವರಿಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಮನುಷ್ಯರಿದ್ದರೆ ಹುಲಿ ಉಳಿಯದು ಎಂದವರಿಗೆ ಇಲ್ಲಿನ ಹುಲಿಗಳೇ ಉತ್ತರ ಕೊಟ್ಟಿವೆ: 2010ರಿಂದ 2014ರ ನಡುವೆ ಅವುಗಳ ಸಂಖ್ಯೆ ಹತ್ತಿರ ಹತ್ತಿರ ಇಮ್ಮಡಿಯಾಯಿತು.

ಸಫಾರಿ ಜೀಪಿನಿಂದ ಕಾಣುವ ಕಾಡು ಸೋಲಿಗರಿಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪೂಜೆಯ ತಾಣಗಳ ನಕ್ಷೆ. ದಾರಿಯ ಎರಡೂ ಬದಿ ಕಣ್ಣಿಗೆ ಅಡ್ಡ ಬರುವ ಲಾಂಟಾನ ಪೊದೆ ಹಬ್ಬಿದ್ದಕ್ಕೆ ಹಿರಿಯ ಸೋಲಿಗರು ಕೊಡುವ ಕಾರಣ ಬೇರೆಯೇ: ಬೇಸಿಗೆ ಬಲಿಯುವ ಮೊದಲು ಅವರು ಇಡುತ್ತಿದ್ದ ತರಗು ಬೆಂಕಿ ನಿಂತುಹೋದದ್ದು. ಒಣ ಎಲೆಯನ್ನಷ್ಟೇ ಸುಡುವ ಸಣ್ಣ ಬೆಂಕಿ ಅದು. ಇಂಥದ್ದನ್ನು ಹೇಳಬಲ್ಲ ಸೋಲಿಗ ಗೈಡ್ ಜೊತೆಗಿದ್ದರೆ ಹುಲಿ ಕಾಣದ ಸಫಾರಿಯೂ ದಂಡವಲ್ಲ.

ಹುಲಿ ಏರಿದ ಮಾದಪ್ಪ, ಅಂದರೆ ಮಲೆ ಮಹದೇಶ್ವರ, ಎಪ್ಪತ್ತೇಳು ಮಲೆಗೆ ಹೋಗುವ ಮುನ್ನ ನಮ್ಮ ಕುಂತೂರು ಮಠದಲ್ಲಿ ತಂಗಿದ್ದ ಎಂದು ಕಂಸಾಳೆಯವರು ಹಾಡುತ್ತಾರೆ. ಆ ಮಾದಪ್ಪನ ಕಾಡಿನಲ್ಲೇ, ಹೂಗ್ಯಂ ವಲಯದಲ್ಲಿ, 2025ರ ಜೂನ್‌ನಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿ ವಿಷ ಬೆರೆತ ದನದ ಮಾಂಸ ತಿಂದು ಸತ್ತವು. ಹೊಟ್ಟೆ ಉರಿಯುತ್ತದೆ. ದನ ಕಳೆದುಕೊಂಡವರ ಸಿಟ್ಟು ಹೀಗೆ ವಿಷವಾಗದಿರಲು ದಾರಿಯಿದೆ. ಕೀನ್ಯಾದ ಅಂಬೋಸೆಲಿ ಬಳಿಯ ಮಾಸಾಯಿಗಳಿಗೆ ಸಿಂಹ ದನ ಹಿಡಿದರೆ ಪರಿಹಾರ ಕೊಡುವ ನಿಧಿ 2003ರಿಂದ ಇದೆ. ಅದಕ್ಕೊಂದು ಕರಾರು: ಊರಿನವರು ಸಿಂಹ ಕೊಂದರೆ ಪರಿಹಾರ ಕಡಿತ. ನಮ್ಮಲ್ಲೂ ಸರ್ಕಾರ ಪರಿಹಾರ ಕೊಡುತ್ತದೆ. ಡೇರೆ ಬಾಡಿಗೆಯಲ್ಲೊಂದು ಪಾಲು ಕಾಡಂಚಿನ ದನದ ಕೊಟ್ಟಿಗೆಗೂ ಹೋಗಲಿ ಎಂಬುದು ನನ್ನ ಆಸೆ.

ಹೊರಡುವವರಿಗೆ: ಬೆಟ್ಟದ ಗೇಟು ರಾತ್ರಿ ತೆರೆದಿರುವುದಿಲ್ಲ, ಹೊತ್ತಿರುವಾಗಲೇ ತಲುಪಿ. ಸೋಲಿಗರು ತಮ್ಮ ಪೋಡುಗಳಲ್ಲಿ ಮರದ ನೆರಳಿನಲ್ಲಿ ಕಾಫಿ ಬೆಳೆಯುತ್ತಾರೆ, ಜೇನು ಕೊಯ್ಯುತ್ತಾರೆ. ಬರುವಾಗ ಅವರಿಂದಲೇ ಕೊಂಡು ತನ್ನಿ.