ಬಿಟ್ಟ ಸ್ಥಳಗಳನ್ನು ತುಂಬುವ ಯಂತ್ರ

ಮಳೆಗಾಲದಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ನದೀತೀರದ ಜನರು ಬೆಳಗಾದೊಡನೆ ಕೇಳಿಕೊಳ್ಳುವ ಪ್ರಶ್ನೆಯೊಂದಿದೆ: "ಎಷ್ಟು ಕ್ಯೂಸೆಕ್ ಬಂತು?" ಮಹಾರಾಷ್ಟ್ರದ ಘಟ್ಟಗಳಲ್ಲಿ ಬಿದ್ದ ಮಳೆಯು ಕೃಷ್ಣೆಯಲ್ಲಿಯೂ ದೂಧಗಂಗಾ, ವೇದಗಂಗೆಗಳಲ್ಲಿಯೂ ಹರಿದು ಇಲ್ಲಿಗೆ ಬರುತ್ತದೆ. 2019ರ ಆಗಸ್ಟಿನಲ್ಲಿಯೂ 2021ರ ಜುಲೈಯಲ್ಲಿಯೂ ಬಂದ ಪ್ರವಾಹಗಳನ್ನು ಕಂಡವರಿಗೆ ಈ ಪ್ರಶ್ನೆಯ ಬೆಲೆಯೇನೆಂದು ಹೇಳಬೇಕಾಗಿಲ್ಲ. ಆದರೆ ನದಿಯ ದಡದ ಮಾಪಕದಲ್ಲಿ ಹುಟ್ಟಿದ ಒಂದು ಬರಿಯ ಅಂಕಿಯು, ಯಾರೂ ಕುಳಿತು ಬರೆಯದೆಯೇ, ರೈತನ ಫೋನಿನಲ್ಲಿ ಕನ್ನಡ ವಾಕ್ಯವಾಗಿ ಮೂಡಬಲ್ಲುದು ಹೇಗೆ?

ಒಂದು ಏರ್ಪಾಡನ್ನು ಕಲ್ಪಿಸಿಕೊಳ್ಳೋಣ. ಮಾಪಕವು ತನ್ನ ಅಳತೆಯನ್ನು 'ಕ್ಲೌಡ್' ಗಣಕಕ್ಕೆ ಕಳುಹಿಸುತ್ತದೆ. ಕ್ಲೌಡ್ ಎಂದೊಡನೆ ಆಕಾಶವನ್ನು ನೋಡಬೇಕಾಗಿಲ್ಲ. ಅದು ಎಲ್ಲೋ ಒಂದು ಕಟ್ಟಡದಲ್ಲಿ ಸಾಲಾಗಿ ನಿಲ್ಲಿಸಿರುವ, ಬಾಡಿಗೆಗೆ ದೊರೆಯುವ ಗಣಕಗಳ ಸಮೂಹ. ಅಮೆಜಾನ್ ಸಂಸ್ಥೆಯ ಇಂಥ ಕೇಂದ್ರ 2016ರಿಂದ ಮುಂಬಯಿಯಲ್ಲಿಯೇ ಇದೆ. ಅಲ್ಲಿಗೆ ಬಂದು ಸೇರುವ ಒಂದೊಂದು ವರದಿಗೂ 'ಘಟನೆ' ಎಂದು ಹೆಸರು. ಅದರ ರೂಪ ಹೀಗಿರಬಹುದು:

ಸ್ಥಳ: ರಾಯಬಾಗ
ನದಿ: ಕೃಷ್ಣಾ
ಹರಿವು: 2832
ಮಾನ: ಕ್ಯುಮೆಕ್
ವೇಳೆ: 20:30
ಬ್ಯಾಟರಿ: 12.4

ಯಂತ್ರಕ್ಕೆ ಇದು ಸಾಕು; ಮನುಷ್ಯನಿಗೆ ಸಾಲದು. ಬ್ಯಾಟರಿಯ ವೋಲ್ಟೇಜ್ ಕಟ್ಟಿಕೊಂಡು ರೈತನಿಗೇನಾಗಬೇಕು? ಆದುದರಿಂದ ಬೇಕಾದುದನ್ನು ಆರಿಸಿ, ವಾಕ್ಯದೊಳಗೆ ಕೂರಿಸಬೇಕು. ಪರೀಕ್ಷೆಯಲ್ಲಿ "ಬಿಟ್ಟ ಸ್ಥಳಗಳನ್ನು ತುಂಬಿರಿ" ಎಂಬ ಪ್ರಶ್ನೆಯನ್ನು ನೀವು ಬಿಡಿಸಿಲ್ಲವೆ? ಇದೂ ಅದೇ. ಬಿಟ್ಟ ಸ್ಥಳಗಳಿರುವ ವಾಕ್ಯವೇ 'ಟೆಂಪ್ಲೇಟ್', ಅಂದರೆ ನಮೂನೆ. 2019ರ ಜುಲೈಯಲ್ಲಿ, ಎಂದರೆ ಆ ವರ್ಷದ ಪ್ರವಾಹಕ್ಕೆ ಕೆಲವೇ ವಾರಗಳ ಮುನ್ನ, ಅಮೆಜಾನ್ ಹೊರತಂದ 'ಈವೆಂಟ್‌ಬ್ರಿಡ್ಜ್' ಎಂಬ ಸೇವೆಯಲ್ಲಿ ಈ ಕೆಲಸ ಮಾಡುವ ಭಾಗಕ್ಕೆ 'ಇನ್‌ಪುಟ್ ಟ್ರಾನ್ಸ್‌ಫಾರ್ಮರ್' ಎನ್ನುತ್ತಾರೆ. ಅದಕ್ಕೆ ಎರಡು ವಿಷಯಗಳನ್ನು ಹೇಳಿಕೊಟ್ಟರಾಯಿತು: ಘಟನೆಯಲ್ಲಿ ಯಾವ ಮಾಹಿತಿ ಎಲ್ಲಿದೆ, ವಾಕ್ಯದಲ್ಲಿ ಅದು ಎಲ್ಲಿ ಕೂರಬೇಕು. ಒಂದೇ ಘಟನೆಯನ್ನು ಐದು ಕಡೆಗೆ ಕಳುಹಿಸಿ, ಒಂದೊಂದು ಕಡೆಗೂ ಬೇರೆಬೇರೆ ನಮೂನೆಯನ್ನು ಕೊಡಬಹುದು. ರೈತನಿಗೆ ಕನ್ನಡ ವಾಕ್ಯ, ಗಡಿಯ ಆಚೆಯವನಿಗೆ ಮರಾಠಿ ವಾಕ್ಯ, ಇಂಜಿನಿಯರನಿಗೆ ಬ್ಯಾಟರಿಯ ಸುದ್ದಿ!

ಟ್ರಾನ್ಸ್‌ಫಾರ್ಮರ್ ಎಂಬ ಹೆಸರು ಭೌತವಿಜ್ಞಾನದ ಅಧ್ಯಾಪಕನಾದ ನನಗೆ ಪ್ರಿಯವಾದದ್ದು. ಬೀದಿಯ ಟ್ರಾನ್ಸ್‌ಫಾರ್ಮರ್ ವಿದ್ಯುತ್ತನ್ನು ಉತ್ಪಾದಿಸುವುದಿಲ್ಲ, ಆದರೂ ವೋಲ್ಟೇಜನ್ನಾದರೂ ಬದಲಿಸುತ್ತದೆ. ನಮ್ಮ ಈ ಟ್ರಾನ್ಸ್‌ಫಾರ್ಮರ್ ಅಷ್ಟನ್ನೂ ಮಾಡದು. ಎತ್ತಿ ಇಡುವುದಷ್ಟೇ ಅದರ ಕೆಲಸ, ಅಪಾಯವಿರುವುದೂ ಅಲ್ಲಿಯೇ. ನಮೂನೆಯಲ್ಲಿ "ಕ್ಯೂಸೆಕ್" ಎಂದು ಅಚ್ಚಾಗಿದ್ದು, ಘಟನೆಯ ಅಂಕಿ ಕ್ಯುಮೆಕ್‌ನಲ್ಲಿ ಬಂದರೆ, "2832 ಕ್ಯೂಸೆಕ್" ಎಂಬ ವಾಕ್ಯ ನಿಸ್ಸಂಕೋಚವಾಗಿ ಹೊರಡುತ್ತದೆ. ಒಂದು ಘನಮೀಟರಿಗೆ ಸುಮಾರು 35.3 ಘನ ಅಡಿಗಳಷ್ಟೆ? ಆದುದರಿಂದ ನಿಜವಾಗಿ ಬರುತ್ತಿರುವುದು ಒಂದು ಲಕ್ಷ ಕ್ಯೂಸೆಕ್! ಓದಿದವನು ನಿಶ್ಚಿಂತೆಯಿಂದ ಮಲಗಿಬಿಡುತ್ತಾನೆ. ವೇಳೆಯ ಕಥೆಯೂ ಹೀಗೆಯೇ. ಕ್ಲೌಡ್ ಗಣಕಗಳು ಸಾಮಾನ್ಯವಾಗಿ ಬರೆದಿಡುವುದು ಜಾಗತಿಕ ವೇಳೆಯನ್ನು; ಅಲ್ಲಿಯ 20:30 ನಮಗೆ ಮರುದಿನ ಬೆಳಗಿನ ಜಾವ 2 ಗಂಟೆ. ಇನ್ನು ಮಾಪಕ ಕೆಟ್ಟು ಅಂಕಿಯೇ ಬಾರದಿದ್ದರೆ, ಯಂತ್ರ ಕೂಗಿಕೊಳ್ಳುವುದಿಲ್ಲ. ಆ ಸ್ಥಳ ಬರಿದಾಗಿಯೇ ವಾಕ್ಯ ಹೋಗುತ್ತದೆ. ಈ ಲೆಕ್ಕ, ತಪಾಸಣೆಗಳನ್ನು ನಮೂನೆಗೆ ಮೊದಲು ಒಂದು ಸಣ್ಣ ಪ್ರೋಗ್ರಾಮು ಮಾಡಿ ಮುಗಿಸಿರಬೇಕು. 'ಇದ್ದರೆ', 'ಇಲ್ಲದಿದ್ದರೆ' ಎಂಬ ಷರತ್ತುಗಳನ್ನು ಬಲ್ಲ ವೆಲಾಸಿಟಿಯಂಥ ನಮೂನೆಯ ಭಾಷೆಗಳೂ ಇವೆಯಾದರೂ, ಲೆಕ್ಕವನ್ನು ವಾಕ್ಯದ ಮಧ್ಯೆ ಹುದುಗಿಸುವುದು ನನಗೆ ಒಪ್ಪಿಗೆಯಿಲ್ಲ.

ಕನ್ನಡಕ್ಕೇ ವಿಶಿಷ್ಟವಾದ ತೊಡಕೊಂದು ಉಳಿಯಿತು. "<ಸ್ಥಳ>ಯಲ್ಲಿ ಪ್ರವಾಹ" ಎಂದು ನಮೂನೆ ಬರೆದೆವೆನ್ನಿ. ಚಿಕ್ಕೋಡಿಯಲ್ಲಿ, ನಿಪ್ಪಾಣಿಯಲ್ಲಿ, ಅಥಣಿಯಲ್ಲಿ: ಎಲ್ಲವೂ ಸರಿ. ಆಮೇಲೆ ಬಂತು "ರಾಯಬಾಗಯಲ್ಲಿ", "ಕಾಗವಾಡಯಲ್ಲಿ"! ಸಂಧಿಯ ನಿಯಮ ಯಂತ್ರಕ್ಕೆ ಗೊತ್ತಿಲ್ಲ. ಇಂಗ್ಲಿಷಿನಲ್ಲಿ ಊರಿನ ಹೆಸರಿಗೆ ವಿಭಕ್ತಿ ಅಂಟುವುದಿಲ್ಲವಾದ್ದರಿಂದ, ಅಲ್ಲಿ ಮಾಡಿದ ನಮೂನೆಯನ್ನು ಇಲ್ಲಿಗೆ ತರುವವರು ಇದನ್ನು ಮರೆಯುತ್ತಾರೆ. "<ಸ್ಥಳ> ತಾಲ್ಲೂಕಿನಲ್ಲಿ" ಎಂದರೆ ವಿಭಕ್ತಿಯ ಹೊರೆಯನ್ನು 'ತಾಲ್ಲೂಕು' ಹೊತ್ತುಕೊಳ್ಳುತ್ತದೆ.

ಆದರೆ ಅದಕ್ಕೆ ಸುಂಕ ತೆರಬೇಕು. ಒಂದು ಎಸ್‌ಎಂಎಸ್‌ನಲ್ಲಿ ಹಿಡಿಸುವುದು 1120 ಬಿಟ್‌ಗಳು. ಇಂಗ್ಲಿಷಿನ ಅಕ್ಷರಕ್ಕೆ 7 ಬಿಟ್ ಸಾಕಾದ್ದರಿಂದ 160 ಅಕ್ಷರಗಳಿಗೆ ಎಡೆಯುಂಟು. ಕನ್ನಡದ ಒಂದೊಂದು ಚಿಹ್ನೆಗೂ 16 ಬಿಟ್ ಬೇಕು, ಆದ್ದರಿಂದ 70 ಮಾತ್ರ. ಕಾಗುಣಿತದ ಗುರುತು, ಒತ್ತಕ್ಷರವನ್ನು ಕೂಡಿಸುವ ಅರ್ಧಾಕ್ಷರದ ಗುರುತು, ಎಲ್ಲವೂ ಒಂದೊಂದು ಚಿಹ್ನೆ. 'ತಾಲ್ಲೂಕಿನಲ್ಲಿ' ಎಂಬ ಐದು ಅಕ್ಷರಗಳು 13 ಸ್ಥಾನಗಳನ್ನು ನುಂಗುತ್ತವೆ. ಸಂದೇಶ 70ನ್ನು ಮೀರಿದರೆ ಎರಡು ತುಂಡಾಗಿ ಹೋಗಬೇಕು. ಹೀಗಾಗಿ ಹೆಸರನ್ನು ತಲೆಯಲ್ಲಿಯೇ ಇಟ್ಟು, ವಿಭಕ್ತಿಯನ್ನು ಕೈಬಿಡುವುದು ಮೇಲು:

ರಾಯಬಾಗ: ಕೃಷ್ಣಾ ಹರಿವು 1,00,000 ಕ್ಯೂಸೆಕ್. ನದಿಗೆ ಇಳಿಯಬೇಡಿ. ವೇಳೆ 02:00.

ತೆರಪು, ವಿರಾಮಚಿಹ್ನೆಗಳನ್ನೂ ಸೇರಿಸಿ ಎಣಿಸಿ ನೋಡಿ: 67. ಚಿಕ್ಕೋಡಿ ಎಂದು ತುಂಬಿದರೆ 69.