ಹತ್ತು ಲಕ್ಷ ಸಾಲಿಗೆ ಪುಟ್ಟ ಡೇಟಾಬೇಸ್ ಸಾಕಾ?

"ಬಾಕಿ ಪಟ್ಟಿ ತೆಗೆಯೋಕೆ ಕೂತ್ರೆ ಕಾಫಿ ಕುಡಿದು ಬಂದ್ರೂ ಮುಗಿದಿರಲ್ಲ ಕಣೋ. ಸರ್ವರ್ ಹಾಕ್ಸಿ ಅಂತಿದಾರೆ. ಹಾಕ್ಸಿಬಿಡ್ಲಾ?"

ಫೋನ್ ಮಾಡಿದ್ದು ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಚಿಕ್ಕಪ್ಪ. ಅವರ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಟ್ಟವನು ನಾನೇ. ಡೇಟಾ ಇಡೋಕೆ ಬಳಸಿದ್ದು ಎಸ್‌ಕ್ಯೂಲೈಟ್. ಬಿಲ್ಲಿನ ಸಾಲುಗಳು ಹತ್ತು ಲಕ್ಷ ಮುಟ್ಟಿದ್ದವು. ಪುಟ್ಟ ಡೇಟಾಬೇಸ್ ಸುಸ್ತಾಯ್ತೇನೋ ಅಂತ ನನಗೂ ಅನ್ನಿಸಿತು.

ಎಸ್‌ಕ್ಯೂಲೈಟ್‌ಗೆ ಪ್ರತ್ಯೇಕ ಸರ್ವರ್ ಬೇಡ. ಅದು ನಿಮ್ಮ ಪ್ರೋಗ್ರಾಮಿನ ಒಳಗೇ ಓಡುತ್ತದೆ, ಡೇಟಾ ಎಲ್ಲ ಒಂದೇ ಫೈಲ್‌ನಲ್ಲಿರುತ್ತದೆ. ಅಮೆರಿಕ ನೌಕಾಪಡೆಯ ಯುದ್ಧನೌಕೆಯೊಂದರ ಸಾಫ್ಟ್‌ವೇರ್ ಮೇಲೆ ಕೆಲಸ ಮಾಡುತ್ತಿದ್ದ ರಿಚರ್ಡ್ ಹಿಪ್, 2000ದಲ್ಲಿ ಇದನ್ನು ಶುರು ಮಾಡಿದರು. ಸರ್ವರ್ ಕೆಟ್ಟರೂ ಪ್ರೋಗ್ರಾಂ ನಿಲ್ಲಬಾರದು ಅನ್ನೋದು ಉದ್ದೇಶ. ಇವತ್ತು ನಿಮ್ಮ ಕೈಲಿರುವ ಫೋನ್‌ನಲ್ಲೂ ಇದೆ. ಒಂದು ಫೈಲ್ 281 ಟೆರಾಬೈಟ್‌ವರೆಗೆ ಬೆಳೆಯಬಹುದು. ಹತ್ತು ಲಕ್ಷ ಸಾಲು ಅದಕ್ಕೆ ಲೆಕ್ಕಕ್ಕೇ ಇಲ್ಲ.

ಹಾಗಾದ್ರೆ ತಪ್ಪು ಯಾರದ್ದು? ನನ್ನದೇ. ಅಂಗಡಿಗೆ 600 ಖಾತೆ ಗಿರಾಕಿಗಳು. ಪ್ರತಿ ಗಿರಾಕಿಯ ಬಾಕಿಗೂ ನನ್ನ ಪ್ರೋಗ್ರಾಂ ಹತ್ತು ಲಕ್ಷ ಸಾಲನ್ನೂ ಮೊದಲಿಂದ ಓದುತ್ತಿತ್ತು. ಅಂದರೆ ಒಂದು ಪಟ್ಟಿಗೆ 60 ಕೋಟಿ ಸಾಲಿನ ಓದು! ಗಿರಾಕಿ ನಂಬರಿನ ಮೇಲೆ ಇಂಡೆಕ್ಸ್ ಹಾಕೋದನ್ನೇ ಮರೆತಿದ್ದೆ. ಹಳೇ ಖಾತೆ ಪುಸ್ತಕದ ಮೊದಲ ಪುಟದಲ್ಲಿ ಯಾರ ಲೆಕ್ಕ ಎಷ್ಟನೇ ಪುಟದಲ್ಲಿ ಅಂತ ಬರೆದಿಡ್ತಿದ್ರಲ್ಲ, ಇಂಡೆಕ್ಸ್ ಅಂದ್ರೆ ಅದೇ. ಒಂದು ಸಾಲಿನ ಕಮಾಂಡ್ ಕೊಟ್ಟೆ. ಪಟ್ಟಿ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು.

ನಿಮಗೂ ಅನುಮಾನವಿದ್ದರೆ ಕ್ವೆರಿಯ ಮುಂದೆ 'ಎಕ್ಸ್‌ಪ್ಲೇನ್ ಕ್ವೆರಿ ಪ್ಲಾನ್' ಸೇರಿಸಿ ನೋಡಿ. 'ಸ್ಕ್ಯಾನ್' ಅಂತ ಬಂದರೆ ಉದ್ದಕ್ಕೂ ಓದುತ್ತಿದೆ, 'ಸರ್ಚ್' ಅಂತ ಬಂದರೆ ನೇರ ಹುಡುಕುತ್ತಿದೆ. ಹಾಗಂತ ಎಲ್ಲ ಕಾಲಮ್ಮಿಗೂ ಇಂಡೆಕ್ಸ್ ಹಾಕಬೇಡಿ. ಫೈಲ್ ದಪ್ಪಗಾಗುತ್ತೆ, ಬರೆಯೋದು ನಿಧಾನವಾಗುತ್ತೆ.

ಎರಡನೇ ತಪ್ಪು ಬೆಲೆಪಟ್ಟಿ ತುಂಬಿಸುವಾಗ ಆಗಿತ್ತು. ಪ್ರತಿ ಸಾಲನ್ನೂ ಬೇರೆ ಬೇರೆ ಟ್ರಾನ್ಸಾಕ್ಷನ್ ಮಾಡಿದ್ದೆ. ಪ್ರತಿ ಟ್ರಾನ್ಸಾಕ್ಷನ್ ಮುಗಿದಾಗಲೂ ಡೇಟಾ ಡಿಸ್ಕ್‌ಗೆ ಭದ್ರವಾಗಿ ಇಳಿಯುವತನಕ ಎಸ್‌ಕ್ಯೂಲೈಟ್ ಕಾಯುತ್ತದೆ. ತಿರುಗುವ ಹಳೇ ಹಾರ್ಡ್‌ಡಿಸ್ಕ್‌ನಲ್ಲಿ ಸೆಕೆಂಡಿಗೆ ಕೆಲವು ಡಜನ್ ಟ್ರಾನ್ಸಾಕ್ಷನ್ ಆದರೆ ಹೆಚ್ಚು. ಎಲ್ಲವನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಕಟ್ಟಿದರೆ ಸಾಮಾನ್ಯ ಕಂಪ್ಯೂಟರಿನಲ್ಲೂ ಸೆಕೆಂಡಿಗೆ 50,000 ಸಾಲು ಸೇರಿಸಬಹುದು. ಒಂದೊಂದೇ ಇಟ್ಟಿಗೆ ಹೊರೋದಕ್ಕೂ ಗಾಡಿಯಲ್ಲಿ ತುಂಬಿ ತರೋದಕ್ಕೂ ಇರುವ ವ್ಯತ್ಯಾಸ.

ಆದರೆ ಇದಕ್ಕೂ ಮಿತಿ ಇದೆ. ಒಂದು ಸಲಕ್ಕೆ ಒಬ್ಬರು ಮಾತ್ರ ಬರೆಯಬಹುದು. ವಾಲ್ ಮೋಡ್ ಹಾಕಿದರೆ ಒಬ್ಬರು ಬರೆಯುವಾಗ ಉಳಿದವರು ಓದಬಹುದು, ಅಷ್ಟೇ. ನಾಲ್ಕು ಕೌಂಟರಿನಿಂದ ಒಂದೇ ಫೈಲನ್ನು ನೆಟ್‌ವರ್ಕ್ ಫೋಲ್ಡರ್‌ನಲ್ಲಿಟ್ಟು ಬಳಸೋಕೆ ಮಾತ್ರ ಹೋಗಬೇಡಿ. ಲಾಕಿಂಗ್ ಸರಿಯಾಗಿ ಕೆಲಸ ಮಾಡದಿದ್ದರೆ ಫೈಲೇ ಕೆಡಬಹುದು. ಅಂಥ ಕಡೆ ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯೂಎಲ್ ಸರಿ.

ಅಂದರೆ ಕೇಳಬೇಕಾದ ಪ್ರಶ್ನೆ "ಎಷ್ಟು ಸಾಲು ಇದೆ?" ಅಲ್ಲ, "ಒಟ್ಟಿಗೆ ಎಷ್ಟು ಜನ ಬರೀತಾರೆ?"

ಚಿಕ್ಕಪ್ಪನಿಗೆ ಇರೋದು ಒಂದೇ ಕೌಂಟರ್. "ಸರ್ವರ್ ಬೇಡ, ಬ್ಯಾಕಪ್‌ಗೆ ಒಂದು ಒಳ್ಳೇ ಹಾರ್ಡ್‌ಡಿಸ್ಕ್ ತಗೊಳ್ಳಿ" ಅಂದೆ.

"ಇಷ್ಟೇನಾ? ಹಾಗಾದ್ರೆ ಮೊದ್ಲೇ ಯಾಕೋ ಮಾಡ್ಲಿಲ್ಲ?" ಅಂದರು.

ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ.