ಕೊಬ್ಬರಿ ಧಾರಣೆಯ ಆಪ್‌ನಲ್ಲಿ ರಿಸೋರ್ಸ್ ಫೈಲ್‌ಗಳ ಕೆಲಸ

ತಂತ್ರಾಂಶವೆಂದರೆ ಬರೀ ಕೋಡ್ ಅಲ್ಲ. ಪರದೆಯ ಮೇಲೆ ಕಾಣುವ ಪದಗಳು, ಚಿತ್ರಗಳು, ಫಾಂಟ್, ಸರ್ವರಿನ ವಿಳಾಸ ಇವೂ ಅದರ ಭಾಗಗಳೇ. ಇವನ್ನು ಕೋಡ್‌ನಿಂದ ಬೇರೆಯಾಗಿಟ್ಟ ಕಡತಗಳಿಗೆ ರಿಸೋರ್ಸ್ ಫೈಲ್ ಎಂದು ಹೆಸರು. ಎರಡನ್ನೂ ಕೂಡಿಸಿ, ಬಳಸಲು ಸಿದ್ಧವಾದ ತಂತ್ರಾಂಶ ಮಾಡುವ ಕೆಲಸವೇ ಬಿಲ್ಡ್. ಯಾವ ರಿಸೋರ್ಸ್ ಎಲ್ಲಿಂದ ಬರಬೇಕು, ಹಾಗೆಯೇ ನಕಲಾಗಬೇಕೋ ತಿದ್ದುಪಡಿಯಾಗಿ ಹೋಗಬೇಕೋ ಎಂಬುದನ್ನು ಬಿಲ್ಡ್‌ಗೆ ಮೊದಲೇ ತಿಳಿಸಿಡಬೇಕು.

ತಿಪಟೂರು ಎಪಿಎಂಸಿಯ ಕೊಬ್ಬರಿ ಧಾರಣೆ ತೋರಿಸುವ ಆಪ್ ಒಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ತುರುವೇಕೆರೆಯ ಅಥವಾ ಚಿಕ್ಕನಾಯಕನಹಳ್ಳಿಯ ಬೆಳೆಗಾರ ಅಟ್ಟದ ಕಾಯಿ ಇಳಿಸಿ ಸುಲಿಸುವ ಮೊದಲು ನೋಡುವುದು ಧಾರಣೆಯನ್ನೇ. ಆ ಪರದೆಯಲ್ಲಿ ‘ಉಂಡೆ ಕೊಬ್ಬರಿ’, ‘ಕ್ವಿಂಟಾಲ್‌ಗೆ’, ‘ಗರಿಷ್ಠ ಧಾರಣೆ’ ಎಂಬ ಪದಗಳಿರುತ್ತವೆ. ವರ್ಷಗಟ್ಟಲೆ ಅವು ಬದಲಾಗುವುದಿಲ್ಲ. ಮಾರುಕಟ್ಟೆಯ ಧಾರಣೆ ಟೆಂಡರಿನಿಂದ ಟೆಂಡರಿಗೆ ಬದಲಾಗುತ್ತದೆ. ಇವೆರಡರ ನಡುವೆ ನಿಲ್ಲುವುದು ಕೇಂದ್ರ ಸರ್ಕಾರದ ಬೆಂಬಲ ಬೆಲೆ: ಉಂಡೆ ಕೊಬ್ಬರಿಗೆ 2024ರ ಹಂಗಾಮಿನಲ್ಲಿ ಕ್ವಿಂಟಾಲ್‌ಗೆ 12,000 ರೂಪಾಯಿ ಇದ್ದದ್ದು 2025ಕ್ಕೆ 12,100 ಆಯಿತು.

ಪದಗಳು ರಿಸೋರ್ಸ್ ಫೈಲಿನಲ್ಲಿರಬೇಕು, ಧಾರಣೆ ಸರ್ವರಿನಿಂದ ಬರಬೇಕು. ಇದರಲ್ಲಿ ಗೊಂದಲವಿಲ್ಲ. ಎಡವುವುದು ಬೆಂಬಲ ಬೆಲೆಯ ವಿಷಯದಲ್ಲಿ. ವರ್ಷಕ್ಕೊಮ್ಮೆ ತಾನೇ ಎಂದು ಅದನ್ನು ಆಪ್‌ನ ರಿಸೋರ್ಸ್ ಫೈಲಿಗೆ ಸೇರಿಸಿದರೆ, ಆಪ್ ಅಪ್‌ಡೇಟ್ ಮಾಡಿಕೊಳ್ಳದ ರೈತನಿಗೆ ಹಳೆಯ ಬೆಲೆಯೇ ಕಾಣುತ್ತಿರುತ್ತದೆ. ಹಣದ ಲೆಕ್ಕಕ್ಕೆ ಬರುವ ಅಂಕಿ ಬಿಲ್ಡ್‌ನೊಳಗೆ ಹೂತುಹೋಗಬಾರದು. ಅದೂ ಸರ್ವರಿನಿಂದಲೇ ಬರಬೇಕು.

ಆಂಡ್ರಾಯ್ಡ್‌ನಲ್ಲಿ ಪದಗಳಿಗೆ ‘ವ್ಯಾಲ್ಯೂಸ್’ ಎಂಬ ಫೋಲ್ಡರ್ ಇರುತ್ತದೆ. ಕನ್ನಡಕ್ಕೆ ಅದೇ ಹೆಸರಿನ ಮುಂದೆ ಅಡ್ಡಗೆರೆ ಹಾಕಿ, ‘ಕೆಎನ್’ ಎಂಬ ಭಾಷಾ ಸಂಕೇತ ಸೇರಿಸಿದ ಇನ್ನೊಂದು ಫೋಲ್ಡರ್. ಫೋನಿನ ಭಾಷೆ ಕನ್ನಡವಾಗಿದ್ದರೆ ಪದಗಳು ಅಲ್ಲಿಂದ ಬರುತ್ತವೆ. ಅಲ್ಲಿ ಸಿಗದ ಪದವನ್ನು ಮೂಲ ಫೋಲ್ಡರಿನಿಂದ ಎತ್ತಿಕೊಳ್ಳಲಾಗುತ್ತದೆ. ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಆಗಿ ಕಾಣುವ ಎಷ್ಟೋ ಪರದೆಗಳಿಗೆ ಕಾರಣ ಇದೇ.

ಸರ್ವರಿನ ಕಡೆ ಜಾವಾ ಇದ್ದರೆ ಬಿಲ್ಡ್‌ಗೆ ಮೇವನ್ ಎಂಬ ಸಾಧನ ಬಳಸುವುದು ರೂಢಿ. ‘ಎಸ್‌ಆರ್‌ಸಿ’ ಫೋಲ್ಡರಿನೊಳಗಿನ ‘ಮೇನ್’, ಅದರೊಳಗಿನ ‘ರಿಸೋರ್ಸಸ್’ ಫೋಲ್ಡರಿನಲ್ಲಿ ಇಟ್ಟದ್ದೆಲ್ಲವನ್ನೂ ಮೇವನ್ ಬಿಲ್ಡ್‌ಗೆ ನಕಲು ಮಾಡುತ್ತದೆ. ಪರೀಕ್ಷೆಯ ರಿಸೋರ್ಸ್‌ಗಳಿಗೆ ಬೇರೆ ಫೋಲ್ಡರ್ ಇದೆ. ಅವು ಬಳಕೆದಾರರ ಕೈಗೆ ಹೋಗುವುದಿಲ್ಲ. ನಕಲು ಮಾಡುವಾಗಲೇ ಖಾಲಿ ಜಾಗ ತುಂಬುವ ‘ಫಿಲ್ಟರಿಂಗ್’ ಎಂಬ ಸೌಲಭ್ಯವೂ ಇದೆ. ಫೈಲಿನಲ್ಲಿ ಡಾಲರ್ ಗುರುತು ಹಾಕಿ, ಆವರಣದೊಳಗೆ ಹೆಸರು ಬರೆದಿಟ್ಟ ಕಡೆ ಆವೃತ್ತಿ ಸಂಖ್ಯೆಯೋ ಸರ್ವರಿನ ವಿಳಾಸವೋ ಬಂದು ಕೂರುತ್ತದೆ.

ಈ ಸೌಲಭ್ಯವನ್ನು ಇಡೀ ಫೋಲ್ಡರಿಗೆ ಅನ್ವಯಿಸಿದರೆ ಕನ್ನಡಕ್ಕೆ ಪೆಟ್ಟು ಬೀಳುತ್ತದೆ. ಪಿಎನ್‌ಜಿ, ಜೆಪಿಜಿಯಂಥ ಚಿತ್ರಗಳನ್ನು ಮೇವನ್ ತಾನಾಗಿ ಬಿಟ್ಟುಬಿಡುತ್ತದೆ, ಆದರೆ ಫಾಂಟನ್ನು ಬಿಡುವುದಿಲ್ಲ. ರಸೀದಿಯ ಪಿಡಿಎಫ್‌ಗೆಂದು ಇಟ್ಟ ನೋಟೊ ಸ್ಯಾನ್ಸ್ ಕನ್ನಡ ಫಾಂಟನ್ನು ಅದು ಪಠ್ಯವೆಂದು ಓದಿ ಮತ್ತೆ ಬರೆಯುತ್ತದೆ, ಫಾಂಟ್ ಕೆಡುತ್ತದೆ. ಪಠ್ಯಕ್ಕೊಂದು, ಫಾಂಟು-ಚಿತ್ರಗಳಿಗೊಂದು ಎಂದು ಎರಡು ಫೋಲ್ಡರ್ ಮಾಡಿ, ಮೊದಲನೆಯದಕ್ಕೆ ಮಾತ್ರ ಫಿಲ್ಟರಿಂಗ್ ಕೊಡುವುದು ಸುರಕ್ಷಿತ.

ಇನ್ನು ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಫೈಲಿನಲ್ಲಿ ಬರೆದಿಡುವ ಸಂಕೇತಕ್ರಮ. ಜಾವಾದಲ್ಲಿ ಪದಗಳನ್ನಿಡುವ ಪ್ರಾಪರ್ಟೀಸ್ ಫೈಲುಗಳು ಬಹುಕಾಲ ಪಶ್ಚಿಮ ಯುರೋಪಿನ ಲಿಪಿಗೆಂದು ರೂಪಿಸಿದ ಲ್ಯಾಟಿನ್-1 ಸಂಕೇತಕ್ಕೆ ಕಟ್ಟುಬಿದ್ದಿದ್ದವು. ಕನ್ನಡದ ಪ್ರತಿ ಚಿಹ್ನೆಯನ್ನೂ ಆರು ಅಕ್ಷರಗಳ ಸಂಕೇತವಾಗಿ ಬರೆಯಬೇಕಿತ್ತು. ಯೂನಿಕೋಡ್‌ನಲ್ಲಿ ‘ಕೊಬ್ಬರಿ’ ಎಂಬುದು ಏಳು ಚಿಹ್ನೆಗಳ ಪದ. ಅದಕ್ಕೆ ಫೈಲಿನಲ್ಲಿ 42 ಅಕ್ಷರ ಬೇಕಾಗುತ್ತಿತ್ತು. ಕನ್ನಡ ಬಲ್ಲವರೂ ಅದನ್ನು ಓದಿ ತಿದ್ದಲಾಗುತ್ತಿರಲಿಲ್ಲ. 2017ರಲ್ಲಿ ಬಂದ ಜಾವಾ 9 ಭಾಷಾವಾರು ಪದಗಳ ಫೈಲುಗಳನ್ನು ಯೂನಿಕೋಡ್‌ನ ಯುಟಿಎಫ್-8 ಎಂದೇ ಓದತೊಡಗಿತು. ಆದರೂ ಮೇವನ್‌ಗೆ ಎನ್‌ಕೋಡಿಂಗ್ ಯುಟಿಎಫ್-8 ಎಂದು ಸ್ಪಷ್ಟವಾಗಿ ಬರೆದಿಡಬೇಕು. ಬರೆಯದಿದ್ದರೆ ಫಿಲ್ಟರಿಂಗ್ ಆ ಯಂತ್ರದ ರೂಢಿಯನ್ನೇ ಹಿಡಿಯಬಹುದು. ಒಂದು ಕಂಪ್ಯೂಟರಿನಲ್ಲಿ ಸರಿಬಂದ ಕನ್ನಡ ಇನ್ನೊಂದರಲ್ಲಿ ಕೆಡುತ್ತದೆ. ಹಳೆಯ ನುಡಿ, ಬರಹ ಫಾಂಟುಗಳ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸದೆ ಅಂಟಿಸಿದರೆ ಯಾವ ಸೆಟ್ಟಿಂಗೂ ಅದನ್ನು ಸರಿಮಾಡಲಾರದು.

ಕೊನೆಯದಾಗಿ, ಗುಪ್ತಪದಗಳನ್ನು ರಿಸೋರ್ಸ್ ಫೈಲುಗಳಲ್ಲಿ ಇಡಲೇಬಾರದು. ಜಾವಾ ಬಿಲ್ಡ್‌ನಿಂದ ಹೊರಬರುವ ಜಾರ್ ಫೈಲು ಒಂದು ಜಿಪ್ ಫೈಲೇ. ಯಾರು ಬೇಕಾದರೂ ಬಿಚ್ಚಿ ಓದಬಹುದು. ಹಾಗೆ ಬಿಚ್ಚಿ ನೋಡುವುದೇ ಅತ್ಯುತ್ತಮ ಪರೀಕ್ಷೆಯೂ ಹೌದು. ಕನ್ನಡದ ಸಾಲುಗಳು ಸರಿಯಾಗಿವೆಯೇ, ತುಂಬದೆ ಉಳಿದ ಡಾಲರ್ ಗುರುತುಗಳಿವೆಯೇ, ಫಾಂಟಿನ ಗಾತ್ರ ಮೂಲದಷ್ಟೇ ಇದೆಯೇ ಎಂಬುದು ಅಲ್ಲಿಯೇ ತಿಳಿಯುತ್ತದೆ.